ದೋಣಿಯ ಜಿಪಿಎಸ್, ಎಐಎಸ್ ಮತ್ತು ಸೀರಿಯಲ್ ಪೋರ್ಟಿನ ವೇಗ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿಗೂ ಸಮುದ್ರಕ್ಕೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. ಮಲ್ಪೆ, ಮಂಗಳೂರು, ಕಾರವಾರದ ದೋಣಿಗಳಿಗೆ ಸಾಫ್ಟ್‌ವೇರ್ ಬರೆಯುವವರು, ಪೆಟ್ಟಿಗೆ ಜೋಡಿಸಿ ಕಳಿಸುವವರು ಇಲ್ಲೂ ಇದ್ದಾರೆ. ಇಲ್ಲಿ ಮೇಜಿನ ಮೇಲೆ ಎಲ್ಲ ಚೆನ್ನಾಗಿ ನಡೆಯುತ್ತದೆ. ದೋಣಿಯ ವೈರ್ ಚುಚ್ಚಿದ ಮೇಲೆ ಪರದೆಯ ತುಂಬ ಕಸ, ಇಲ್ಲವೇ ಪೂರ್ತಿ ಮೌನ. ಆಗ ಫೋನ್ ಬರುತ್ತದೆ. ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ ಆಗಿರುವುದರಿಂದ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ಸುಮ್ನೆ ನಂಬರ್ ಹೇಳಿ. ಬಾಡ್ ರೇಟ್ ಎಷ್ಟು ಇಡಬೇಕು?

ಬಾಡ್ ರೇಟ್ ಅಂದರೆ ವೈರಿನಲ್ಲಿ ಸೆಕೆಂಡಿಗೆ ಹೋಗುವ ಬಿಟ್‌ಗಳ ಸಂಖ್ಯೆ. ಹಳೆಯ ಜಿಪಿಎಸ್, ಆಳ ಅಳೆಯುವ ಸೌಂಡರ್, ಗಾಳಿ ಮಾಪಕ, ಆಟೋಪೈಲಟ್, ಹೀಗೆ ಎನ್‌ಎಂಇಎ 0183 ಎಂಬ ದೋಣಿ ಉಪಕರಣಗಳ ಭಾಷೆ ಮಾತಾಡುವ ಸಾಮಾನ್ಯ ಉಪಕರಣಕ್ಕೆಲ್ಲ 4800. ಎಐಎಸ್ (ಹಡಗುಗಳು ತಮ್ಮ ಗುರುತು, ಜಾಗವನ್ನು ರೇಡಿಯೋದಲ್ಲಿ ಸಾರುವ ವ್ಯವಸ್ಥೆ) ರಿಸೀವರ್ ಅಥವಾ ಟ್ರಾನ್ಸ್‌ಪಾಂಡರ್ ಆದರೆ 38400. ಯೂಬ್ಲಾಕ್ಸ್ ನಿಯೋ 6ಎಂ ಥರದ ಚಿಕ್ಕ ಜಿಪಿಎಸ್ ಮಾಡ್ಯೂಲ್ ಆದರೆ ಪೆಟ್ಟಿಗೆಯಿಂದ ತೆಗೆದ ಕೂಡಲೇ 9600. ಆ್ಯಕ್ಟಿಸೆನ್ಸ್ ಎನ್‌ಜಿಟಿ 1 ಥರದ ಎನ್‌ಎಂಇಎ 2000 ಗೇಟ್‌ವೇ (ದೋಣಿಯ ಹೊಸ ಥರದ ಜಾಲವನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆ) ಆದರೆ 115200.

ಉಳಿದದ್ದು ಎಲ್ಲಕ್ಕೂ ಒಂದೇ. ಡೇಟಾ ಬಿಟ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1, ಫ್ಲೋ ಕಂಟ್ರೋಲ್ ಇಲ್ಲ. ಫ್ಲೋ ಕಂಟ್ರೋಲ್ ಆನ್ ಇದ್ದು ಒದ್ದಾಡಿದವರು ಬಹಳ ಜನ. ಅದನ್ನು ಮೊದಲೇ ಆಫ್ ಮಾಡಿ.

ಈ ಕಾಲದಲ್ಲೂ 4800 ಯಾಕೆ? ಮೊಬೈಲ್ ಡೇಟಾ ಎಲ್ಲಿಗೋ ಹೋಯಿತು.

ಎನ್‌ಎಂಇಎ 0183 ಬಂದದ್ದು 1983ರಲ್ಲಿ. ಆಗಿನ ಉಪಕರಣಗಳಿಗೆ ಅಷ್ಟು ಸಾಕಾಗಿತ್ತು. ದೋಣಿಯ ಉಪಕರಣಗಳು ಇಪ್ಪತ್ತು ಮೂವತ್ತು ವರ್ಷ ಬಾಳುತ್ತವೆ. ಹೊಸ ಪ್ಲಾಟರ್ (ಸಮುದ್ರದ ನಕ್ಷೆ ತೋರಿಸುವ ಪರದೆ) ಹಳೆಯ ಆಟೋಪೈಲಟ್ ಜೊತೆ ಮಾತಾಡಬೇಕು. ಹಾಗಾಗಿ ಹಳೆಯ ವೇಗ ಉಳಿದುಕೊಂಡಿದೆ.

ಆದರೆ ಲೆಕ್ಕ ಗೊತ್ತಿರಲಿ, ಮುಂದೆ ಬೇಕಾಗುತ್ತದೆ. ಒಂದು ಅಕ್ಷರಕ್ಕೆ ಸ್ಟಾರ್ಟ್ ಬಿಟ್ 1, ಡೇಟಾ 8, ಸ್ಟಾಪ್ 1, ಒಟ್ಟು 10 ಬಿಟ್. ಅಂದರೆ 4800ರಲ್ಲಿ ಸೆಕೆಂಡಿಗೆ 480 ಅಕ್ಷರ. ಒಂದು ಸಾಲು ಗರಿಷ್ಠ 82 ಅಕ್ಷರ ಇರಬಹುದು. ಹಾಗಾದರೆ ಸೆಕೆಂಡಿಗೆ ತುಂಬು ಸಾಲು ಐದೂವರೆ ಆರು ಮಾತ್ರ. 38400ರಲ್ಲಿ ಇದರ ಎಂಟು ಪಟ್ಟು, ನಲವತ್ತಾರು ಸಾಲಿನಷ್ಟು.

ಎಐಎಸ್ ರೇಡಿಯೋ ವೇಗ 9600 ಅಂತ ಓದಿದ್ದೇನೆ. ಪೋರ್ಟ್ ಯಾಕೆ 38400?

ನೀವು ಓದಿದ್ದು ಸರಿ. ಆದರೆ ಅದು ಗಾಳಿಯಲ್ಲಿ ಹೋಗುವ ವೇಗ. 161.975 ಮತ್ತು 162.025 ಮೆಗಾಹರ್ಟ್ಸ್ ಚಾನೆಲ್‌ಗಳಲ್ಲಿ ಹಡಗುಗಳು ಸೆಕೆಂಡಿಗೆ 9600 ಬಿಟ್ ಕಳಿಸುತ್ತವೆ. ಎರಡೂ ಚಾನೆಲ್ ಒಟ್ಟಿಗೆ ಬಂದರೆ ಅದೇ ದುಪ್ಪಟ್ಟು. ಆ ಬಿಟ್‌ಗಳನ್ನು ರಿಸೀವರ್ ಆರಾರು ಬಿಟ್‌ಗೆ ಒಂದು ಅಕ್ಷರದಂತೆ ಬರೆದು, ಹಿಂದೆ ಮುಂದೆ ತಲೆಬರಹ ಮತ್ತು ಚೆಕ್‌ಸಮ್ (ಸಾಲು ಕೆಟ್ಟಿದೆಯೇ ಎಂದು ಹಿಡಿಯುವ ಲೆಕ್ಕ) ಸೇರಿಸಿ ವೈರಿಗೆ ಬಿಡುತ್ತದೆ. ಗಾತ್ರ ಜಾಸ್ತಿಯಾಗುತ್ತದೆ. ಅದಕ್ಕೇ 38400. ಪೋರ್ಟಿಗೆ 9600 ಕೊಟ್ಟರೆ ಕಸ ಮಾತ್ರ ಬರುತ್ತದೆ.

ವಿಂಡೋಸ್‌ನಲ್ಲಿ ವೇಗ ಎಲ್ಲಿ ಬದಲಾಯಿಸಬೇಕು?

ಡಿವೈಸ್ ಮ್ಯಾನೇಜರ್ ತೆರೆಯಿರಿ. ಪೋರ್ಟ್ಸ್ ಅನ್ನುವ ಗುಂಪಿನಲ್ಲಿ ನಿಮ್ಮ ಕಾಮ್ ಪೋರ್ಟ್ (ಸೀರಿಯಲ್ ಪೋರ್ಟಿಗೆ ವಿಂಡೋಸ್ ಇಟ್ಟ ಹೆಸರು) ಇರುತ್ತದೆ. ಅದರ ಪ್ರಾಪರ್ಟೀಸ್‌ನಲ್ಲಿ ಪೋರ್ಟ್ ಸೆಟ್ಟಿಂಗ್ಸ್ ಟ್ಯಾಬ್ ಇದೆ. ಅಲ್ಲಿ ಸಾಮಾನ್ಯವಾಗಿ 9600 ಅಂತ ಬರೆದಿರುತ್ತದೆ.

ಈಗ ನಿಜ ಹೇಳುತ್ತೇನೆ. ಅಲ್ಲಿ ಏನೇ ಬದಲಾಯಿಸಿದರೂ ಹೆಚ್ಚಿನ ಸಲ ಪ್ರಯೋಜನ ಇಲ್ಲ. ಪೋರ್ಟನ್ನು ಕೊನೆಗೆ ತೆರೆದು ಕೂರುವ ಪ್ರೋಗ್ರಾಮ್ ತನಗೆ ಬೇಕಾದ ವೇಗವನ್ನು ತಾನೇ ಹಾಕಿಕೊಳ್ಳುತ್ತದೆ. ಓಪನ್‌ಸಿಪಿಎನ್ ಎಂಬ ನಕ್ಷೆ ಪ್ರೋಗ್ರಾಮ್ ಆದರೆ ಅದರ ಕನೆಕ್ಷನ್ಸ್ ಪುಟದಲ್ಲಿ ಪೋರ್ಟ್ ಮತ್ತು ಬಾಡ್ ರೇಟ್ ಇಡಬೇಕು. ನೀವೇ ಬರೆದ ಪ್ರೋಗ್ರಾಮ್ ಆದರೆ ಪೋರ್ಟ್ ತೆರೆಯುವ ಸಾಲಿನಲ್ಲೇ ವೇಗ ಕೊಡಬೇಕು. ಡಿವೈಸ್ ಮ್ಯಾನೇಜರ್‌ನ ನಂಬರ್, ಯಾರೂ ಏನೂ ಹೇಳದಿದ್ದಾಗ ಬಳಸುವ ನಂಬರ್ ಅಷ್ಟೇ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಮೋಡ್ ಕಮಾಂಡ್ ಕೊಟ್ಟು ವೇಗ ಇಡುವುದೂ ಹೀಗೆಯೇ. ಮುಂದೆ ಬರುವ ಪ್ರೋಗ್ರಾಮ್ ಅದನ್ನು ಅಳಿಸಿಬಿಡಬಹುದು.

ಈ ಮಾತು ಬರೀ ವಿಂಡೋಸ್‌ಗಲ್ಲ, ಎಲ್ಲ ಆಪರೇಟಿಂಗ್ ಸಿಸ್ಟಂಗೂ ಸಲ್ಲುತ್ತದೆ. ವೇಗ ನಿರ್ಧಾರ ಮಾಡುವುದು ಆ ಕಡೆಯ ಉಪಕರಣ. ಅದಕ್ಕೆ ಹೊಂದಿಕೊಳ್ಳಬೇಕಾದದ್ದು ಈ ಕಡೆಯ ಪ್ರೋಗ್ರಾಮ್. ನಡುವಿನ ಆಪರೇಟಿಂಗ್ ಸಿಸ್ಟಂನ ಸೆಟ್ಟಿಂಗ್ ಪುಟವನ್ನು ದಿನವಿಡೀ ತಿರುವಿ ಹಾಕುವುದು ವ್ಯರ್ಥ.

'ಆಕ್ಸೆಸ್ ಡಿನೈಡ್' ಅಂತ ಬಂದರೆ ಬೇರೆ ಪ್ರೋಗ್ರಾಮ್ ಆ ಪೋರ್ಟನ್ನು ಹಿಡಿದು ಕೂತಿದೆ ಎಂದರ್ಥ. ಒಂದು ಕಾಮ್ ಪೋರ್ಟನ್ನು ಒಮ್ಮೆಗೆ ಒಂದೇ ಪ್ರೋಗ್ರಾಮ್ ತೆರೆಯಬಹುದು. ಹಿನ್ನೆಲೆಯಲ್ಲಿ ಪೋರ್ಟ್ ನೋಡುವ 'ಪುಟ್ಟಿ' ಪ್ರೋಗ್ರಾಮಿನ ಕಿಟಕಿ ತೆರೆದೇ ಇರುತ್ತದೆ, ನೋಡಿ.

ಜಿಪಿಎಸ್ ಚುಚ್ಚಿದರೆ ಮೌಸ್ ಪಾಯಿಂಟರ್ ತಾನೇ ಓಡಾಡುತ್ತದೆ, ಏನೇನೋ ಕ್ಲಿಕ್ ಆಗುತ್ತದೆ. ವೈರಸ್ಸಾ?

ಅಲ್ಲ. ವಿಂಡೋಸ್‌ನ ಬಹಳ ಹಳೆಯ ಚಾಳಿ ಇದು. ಹಿಂದೆ ಮೌಸ್ ಕೂಡ ಸೀರಿಯಲ್ ಪೋರ್ಟಿಗೇ ಬರುತ್ತಿತ್ತು, 1200 ಬಾಡ್‌ನಲ್ಲಿ. ಹೊಸ ಸೀರಿಯಲ್ ಪೋರ್ಟ್ ಕಂಡ ಕೂಡಲೇ ವಿಂಡೋಸ್ ಇವತ್ತಿಗೂ ಅಲ್ಲಿ ಮೌಸ್ ಇದೆಯಾ ಅಂತ ಇಣುಕುತ್ತದೆ. ಅದೇ ಹೊತ್ತಿಗೆ ಜಿಪಿಎಸ್ ಸಾಲುಗಳನ್ನು ಸುರಿಸುತ್ತಿದ್ದರೆ, ತಪ್ಪು ವೇಗದಲ್ಲಿ ಓದಿದ ಆ ಕಸ ಒಮ್ಮೊಮ್ಮೆ ಮೌಸ್‌ನ ಗುರುತಿನಂತೆ ಕಾಣುತ್ತದೆ. ಆಮೇಲೆ ಬೆಂಗಳೂರಿನ ಅಕ್ಷಾಂಶ ರೇಖಾಂಶವೆಲ್ಲ ಮೌಸ್‌ನ ಚಲನೆ ಆಗಿಬಿಡುತ್ತದೆ.

ಪರಿಹಾರ ಹೀಗಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಮೌಸ್ ಗುಂಪಿನ ಕೆಳಗೆ 'ಮೈಕ್ರೋಸಾಫ್ಟ್ ಸೀರಿಯಲ್ ಬಾಲ್‌ಪಾಯಿಂಟ್' ಅಂತ ಒಂದು ಬಂದಿರುತ್ತದೆ. ಅದನ್ನು ಡಿಸೇಬಲ್ ಮಾಡಿ. ಅನ್‌ಇನ್‌ಸ್ಟಾಲ್ ಮಾಡಬೇಡಿ, ಮಾಡಿದರೆ ಮತ್ತೆ ಬರುತ್ತದೆ. ಪಾಯಿಂಟರ್ ಓಡಾಡುವಾಗ ಡಿಸೇಬಲ್ ಮಾಡುವುದೇ ಕಷ್ಟ. ಮೊದಲು ಜಿಪಿಎಸ್‌ನ ಕರೆಂಟ್ ತೆಗೆಯಿರಿ, ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕನ್ವರ್ಟರ್ ಹಾಗೇ ಇರಲಿ. ಕನ್ವರ್ಟರಿನೊಳಗೆ ಇರುವುದು ಎಫ್‌ಟಿಡಿಐ ಕಂಪನಿಯ ಚಿಪ್ ಆದರೆ ಪೋರ್ಟಿನ ಅಡ್ವಾನ್ಸ್ಡ್ ಪುಟದಲ್ಲಿ 'ಸೀರಿಯಲ್ ಎನ್ಯೂಮರೇಟರ್' ಅನ್ನುವ ಟಿಕ್ ಇದೆ. ಅದನ್ನು ತೆಗೆದರೆ ಆ ಪೋರ್ಟಿನಲ್ಲಿ ಇಣುಕಾಟವೇ ನಿಲ್ಲುತ್ತದೆ.

ಕಾಮ್ ನಂಬರ್ ಬದಲಾಗುತ್ತಾ ಇರುತ್ತದೆ. ನಿನ್ನೆ ಕಾಮ್ 3, ಇವತ್ತು ಕಾಮ್ 11.

ಸಿಎಚ್ 340 ಥರದ ಅಗ್ಗದ ಕನ್ವರ್ಟರ್ ಚಿಪ್‌ಗಳಲ್ಲಿ ಸಾಮಾನ್ಯವಾಗಿ ಪ್ರತ್ಯೇಕ ಸೀರಿಯಲ್ ನಂಬರ್ ಇರುವುದಿಲ್ಲ. ಹಾಗಾಗಿ ವಿಂಡೋಸ್ ಅದನ್ನು ಯುಎಸ್‌ಬಿ ತೂತಿನ ಜಾಗದಿಂದ ಗುರುತಿಸುತ್ತದೆ. ತೂತು ಬದಲಾದರೆ ನಂಬರ್ ಬದಲು. ಪ್ರತಿ ವೈರಿಗೂ ಒಂದೊಂದು ತೂತು ಗೊತ್ತು ಮಾಡಿ. ಅಡ್ವಾನ್ಸ್ಡ್ ಪುಟದಲ್ಲಿ ಕಾಮ್ ನಂಬರನ್ನು ನೀವೇ ಬದಲಾಯಿಸಬಹುದು. 9ರ ಒಳಗೆ ಇಟ್ಟರೆ ಒಳ್ಳೆಯದು. ಕೆಲವು ಹಳೆಯ ಚಾರ್ಟ್ ಪ್ರೋಗ್ರಾಮ್‌ಗಳಿಗೆ ಎರಡಂಕಿಯ ಕಾಮ್ ಕಾಣುವುದೇ ಇಲ್ಲ.

ಲಿನಕ್ಸ್‌ನಲ್ಲಿ ಹೇಗೆ?

ಕನ್ವರ್ಟರ್ ಚುಚ್ಚಿ, ಡಿಮೆಸೇಜ್ (ಟೈಪ್ ಮಾಡುವಾಗ ಡಿಎಂಇಎಸ್‌ಜಿ) ಕಮಾಂಡ್ ಕೊಡಿ. ಕೊನೆಯ ಸಾಲುಗಳಲ್ಲಿ ಟಿಟಿವೈ ಯುಎಸ್‌ಬಿ 0 ಅಥವಾ ಟಿಟಿವೈ ಎಸಿಎಂ 0 ಅಂತ ಹೆಸರು ಬರುತ್ತದೆ. ಡೆವ್ ಫೋಲ್ಡರಿನಲ್ಲಿ ಆ ಹೆಸರಿನ ಕಡತ ಇರುತ್ತದೆ.

ಮೊದಲ ಅಡ್ಡಿ ಅನುಮತಿಯದ್ದು. ಉಬುಂಟು, ಡೆಬಿಯನ್‌ನಲ್ಲಿ ನಿಮ್ಮ ಬಳಕೆದಾರ ಹೆಸರು 'ಡಯಲ್‌ಔಟ್' ಗುಂಪಿನಲ್ಲಿ ಇರಬೇಕು. ಆರ್ಚ್‌ನಲ್ಲಿ ಗುಂಪಿನ ಹೆಸರು 'ಯುಯುಸಿಪಿ'. ಸೇರಿಸಿದ ಮೇಲೆ ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಇದನ್ನು ಮರೆತು 'ಸೇರಿಸಿದರೂ ಆಗ್ತಿಲ್ಲ' ಅಂತ ಫೋನ್ ಮಾಡುವವರು ಜಾಸ್ತಿ. ಪ್ರತಿ ಸಲ ಸುಡೋ ಹಾಕಿ ಓಡಿಸುವುದು ಪರಿಹಾರ ಅಲ್ಲ.

ವೇಗ ಇಡಲು ಎಸ್‌ಟಿಟಿವೈ ಕಮಾಂಡ್. ಅದಕ್ಕೆ ಮೈನಸ್ ದೊಡ್ಡ ಎಫ್ ಹಾಕಿ ಪೋರ್ಟಿನ ಪೂರ್ತಿ ಹೆಸರು ಕೊಡಿ, ಆಮೇಲೆ 4800 ಬರೆಯಿರಿ. ಅಷ್ಟಕ್ಕೇ ಬಿಡಬೇಡಿ. 'ರಾ' ಮತ್ತು 'ಮೈನಸ್ ಎಕೋ' ಕೂಡ ಸೇರಿಸಿ. ರಾ ಇಲ್ಲದಿದ್ದರೆ ಲಿನಕ್ಸ್ ಈ ಪೋರ್ಟನ್ನು ಯಾರೋ ಕೂತು ಟೈಪ್ ಮಾಡುವ ಟರ್ಮಿನಲ್ ಅಂದುಕೊಳ್ಳುತ್ತದೆ. ಸಾಲುಗಳ ನಡುವೆ ಖಾಲಿ ಸಾಲು ಬರುತ್ತದೆ ಅಲ್ವಾ, ಅದಕ್ಕೆ ಇದೇ ಕಾರಣ. ಎಕೋ ಆನ್ ಇದ್ದರೆ ಇನ್ನೂ ಕೆಟ್ಟದ್ದು. ಉಪಕರಣ ಕಳಿಸಿದ್ದನ್ನೆಲ್ಲ ಲಿನಕ್ಸ್ ಅದಕ್ಕೇ ವಾಪಸ್ ಕಳಿಸುತ್ತದೆ. ಕೆಲವು ಉಪಕರಣ ಸುಮ್ಮನಿರುತ್ತವೆ, ಕೆಲವು ಗಲಿಬಿಲಿಯಾಗುತ್ತವೆ.

ಇಟ್ಟದ್ದು ಸರಿಯಾಗಿದೆಯೇ ನೋಡಲು ಅದೇ ಕಮಾಂಡಿಗೆ ಮೈನಸ್ ಎ ಕೊಡಿ. ಕಣ್ಣಲ್ಲಿ ನೋಡಲು ಪಿಕೋಕಾಮ್ ಅಥವಾ ಸ್ಕ್ರೀನ್ ಅನ್ನುವ ಪ್ರೋಗ್ರಾಮ್ ಸಾಕು.

ಎರಡು ಮೂರು ಕನ್ವರ್ಟರ್ ಇದ್ದರೆ ಸೊನ್ನೆ, ಒಂದು, ಎರಡು ಅನ್ನುವ ನಂಬರ್ ನಂಬಬೇಡಿ. ರೀಬೂಟ್ ಆದ ಮೇಲೆ ಅದಲು ಬದಲಾಗುತ್ತವೆ. ಡೆವ್ ಒಳಗೆ 'ಸೀರಿಯಲ್' ಫೋಲ್ಡರ್, ಅದರೊಳಗೆ 'ಬೈ ಐಡಿ' ಅಂತ ಇದೆ. ಅಲ್ಲಿನ ಹೆಸರು ಬದಲಾಗುವುದಿಲ್ಲ. ಒಂದೇ ಥರದ ಅಗ್ಗದ ಚಿಪ್ ಎರಡಿದ್ದರೆ 'ಬೈ ಪಾತ್' ನೋಡಿ, ಅದು ತೂತಿನ ಲೆಕ್ಕ.

ಉಬುಂಟುವಿನಲ್ಲಿ ಪೋರ್ಟ್ ಒಂದು ಕ್ಷಣ ಕಾಣಿಸಿ ಮಾಯವಾಗುತ್ತದೆ.

ಬಿಆರ್‌ಎಲ್‌ಟಿಟಿವೈ ಕೆಲಸ. ದೃಷ್ಟಿ ಇಲ್ಲದವರ ಬ್ರೈಲ್ ಸಾಧನಗಳಿಗಾಗಿ ಇರುವ ಪ್ರೋಗ್ರಾಮ್ ಅದು. ಕೆಲವು ಬ್ರೈಲ್ ಸಾಧನಗಳಲ್ಲೂ ಇದೇ ಸಿಎಚ್ 340 ಚಿಪ್ ಇರುವುದರಿಂದ, ಉಬುಂಟು 22.04ರಲ್ಲಿ ನಿಮ್ಮ ಕನ್ವರ್ಟರನ್ನು ಬ್ರೈಲ್ ಸಾಧನ ಅಂದುಕೊಂಡು ಎತ್ತಿಕೊಳ್ಳುತ್ತದೆ. ಬ್ರೈಲ್ ಬಳಸುವವರು ಯಾರೂ ಇಲ್ಲದ ಯಂತ್ರವಾದರೆ ಅದನ್ನು ತೆಗೆದುಹಾಕಿ.

ಇನ್ನೊಂದು ಮೋಡೆಮ್‌ಮ್ಯಾನೇಜರ್. ಹೊಸ ಪೋರ್ಟ್ ಕಂಡರೆ ಮೋಡೆಮ್ ಇರಬಹುದು ಅಂತ ಅದಕ್ಕೆ ಎಟಿ ಕಮಾಂಡ್ ಕಳಿಸುತ್ತದೆ. ದೋಣಿಯ ಪೆಟ್ಟಿಗೆಯಲ್ಲಿ ಮೊಬೈಲ್ ಡಾಂಗಲ್ ಇಲ್ಲದಿದ್ದರೆ ಅದೂ ಬೇಡ.

ಜಿಪಿಎಸ್‌ಡಿ (ಜಿಪಿಎಸ್ ಓದಿ ಬೇರೆ ಪ್ರೋಗ್ರಾಮ್‌ಗಳಿಗೆ ಹಂಚುವ ಪ್ರೋಗ್ರಾಮ್) ಬಳಸುವವರಿಗೆ ಒಂದು ಮಾತು. ಅದು ವೇಗವನ್ನು ತಾನೇ ಹುಡುಕುತ್ತದೆ, ಒಂದೊಂದೇ ಬಾಡ್ ರೇಟ್ ಪರೀಕ್ಷಿಸುತ್ತದೆ. ಅನುಕೂಲವೇನೋ ಹೌದು. ಆದರೆ ಉಪಕರಣಕ್ಕೂ ಕಮಾಂಡ್ ಕಳಿಸಿ ಅದರ ಸೆಟ್ಟಿಂಗ್ ಬದಲಾಯಿಸುವ ಅಭ್ಯಾಸ ಅದಕ್ಕಿದೆ. ಅದೇ ಜಿಪಿಎಸ್ ಪ್ಲಾಟರಿಗೂ ಹೋಗುತ್ತಿದ್ದರೆ ಪ್ಲಾಟರ್ ಕುರುಡಾಗಬಹುದು. ಮೈನಸ್ ಬಿ ಆಯ್ಕೆ ಕೊಟ್ಟರೆ ಅದು ಓದುತ್ತದೆ, ಮುಟ್ಟುವುದಿಲ್ಲ. ಮೈನಸ್ ಎಸ್ ಕೊಟ್ಟು ವೇಗವನ್ನು ನೀವೇ ಹೇಳಬಹುದು.

ರಾಸ್ಪ್‌ಬೆರಿ ಪೈ ಪಿನ್‌ಗಳಿಗೆ ನೇರವಾಗಿ ಕೊಡಬಹುದಾ?

ದೋಣಿಯ ವೈರನ್ನು ನೇರವಾಗಿ ಕೊಟ್ಟರೆ ಪೈ, ಅಂದರೆ ಆ ಚಿಕ್ಕ ಕಂಪ್ಯೂಟರ್, ಸುಟ್ಟುಹೋಗಬಹುದು. ಅದರ ಪಿನ್‌ಗಳು 3.3 ವೋಲ್ಟಿನವು. ಆರ್‌ಎಸ್ 232, ಅಂದರೆ ಕಂಪ್ಯೂಟರಿನ ಹಳೆಯ ಸೀರಿಯಲ್ ಪೋರ್ಟಿನ ವೋಲ್ಟೇಜ್, ಅದಕ್ಕಿಂತ ಎಷ್ಟೋ ಜಾಸ್ತಿ, ಮೈನಸ್ ಕಡೆಗೂ ಹೋಗುತ್ತದೆ. 3.3 ವೋಲ್ಟಿನ ಜಿಪಿಎಸ್ ಮಾಡ್ಯೂಲ್ ಆದರೆ ಕೊಡಬಹುದು.

ಪೈ 3 ಮತ್ತು ಪೈ 4ರಲ್ಲಿ ಇನ್ನೊಂದು ಕಥೆ ಇದೆ. ಒಳ್ಳೆಯ ಯುಆರ್ಟ್ (ಸೀರಿಯಲ್ ಪೋರ್ಟ್ ನಡೆಸುವ ಭಾಗ) ಬ್ಲೂಟೂತ್‌ಗೆ ಹೋಗಿದೆ. ಪಿನ್‌ಗಳಿಗೆ ಸಿಕ್ಕಿರುವುದು ಮಿನಿ ಯುಆರ್ಟ್. ಅದರ ಬಾಡ್ ರೇಟ್ ಚಿಪ್‌ನ ಕೋರ್ ಗಡಿಯಾರಕ್ಕೆ ಕಟ್ಟಿಕೊಂಡಿದೆ. ಗಡಿಯಾರದ ವೇಗ ಏರಿಳಿದರೆ ನಿಮ್ಮ 4800 ಕೂಡ 4800 ಆಗಿ ಉಳಿಯುವುದಿಲ್ಲ. ಕಾನ್ಫಿಗ್ ಕಡತದಲ್ಲಿ 'ಎನೇಬಲ್ ಯುಆರ್ಟ್' ಅನ್ನು 1 ಮಾಡಿದರೆ ಗಡಿಯಾರ ಒಂದೇ ವೇಗದಲ್ಲಿ ನಿಲ್ಲುತ್ತದೆ. ಬ್ಲೂಟೂತ್ ಬೇಡ ಅನ್ನುವವರು 'ಡಿಸೇಬಲ್ ಬಿಟಿ' ಓವರ್‌ಲೇ ಹಾಕಿ ಒಳ್ಳೆಯ ಯುಆರ್ಟನ್ನೇ ವಾಪಸ್ ಪಡೆಯಬಹುದು. ದೋಣಿಯಲ್ಲಿ ನನ್ನ ಆಯ್ಕೆ ಎರಡನೆಯದು.

ಜೊತೆಗೆ ರಾಸ್ಪಿ ಕಾನ್ಫಿಗ್‌ನಲ್ಲಿ ಸೀರಿಯಲ್ ಲಾಗಿನ್ ಶೆಲ್ ಬೇಡ, ಸೀರಿಯಲ್ ಹಾರ್ಡ್‌ವೇರ್ ಬೇಕು ಎಂದು ಆರಿಸಿ. ಇಲ್ಲದಿದ್ದರೆ ಪೈ ತನ್ನ ಬೂಟ್ ಸಂದೇಶಗಳನ್ನು 115200ರಲ್ಲಿ ನಿಮ್ಮ ಜಿಪಿಎಸ್‌ಗೆ ಓದಿ ಹೇಳುತ್ತಿರುತ್ತದೆ.

ಮ್ಯಾಕ್‌ನಲ್ಲಿ ವೇಗ ಇಟ್ಟರೂ ನಿಲ್ಲುವುದಿಲ್ಲ.

ಎರಡು ವಿಷಯ ನೋಡಿ. ಮ್ಯಾಕ್‌ನಲ್ಲಿ ಒಂದೇ ಪೋರ್ಟಿಗೆ ಎರಡು ಹೆಸರು ಬರುತ್ತದೆ, ಒಂದು ಟಿಟಿವೈ ಇಂದ ಶುರು, ಇನ್ನೊಂದು ಸಿಯು ಇಂದ ಶುರು. ಟಿಟಿವೈ ಹೆಸರಿನಲ್ಲಿ ತೆರೆದರೆ ಅದು ಆ ಕಡೆಯಿಂದ ಕ್ಯಾರಿಯರ್ ಸಿಗ್ನಲ್ ಬರಲಿ ಅಂತ ಕಾಯುತ್ತದೆ. ಮೂರು ವೈರಿನ ಜಿಪಿಎಸ್‌ನಲ್ಲಿ ಆ ಸಿಗ್ನಲ್ ಎಲ್ಲಿಂದ ಬರಬೇಕು? ಯಾವಾಗಲೂ ಸಿಯು ಹೆಸರನ್ನೇ ಬಳಸಿ.

ಎರಡನೆಯದು, ಎಸ್‌ಟಿಟಿವೈ ಕಮಾಂಡಿಗೆ ಇಲ್ಲಿ ಚಿಕ್ಕ ಎಫ್. ವೇಗ ಇಟ್ಟು ಕಮಾಂಡ್ ಮುಗಿದ ಕೂಡಲೇ ಪೋರ್ಟ್ ಮುಚ್ಚುತ್ತದೆ. ಮುಚ್ಚಿದ ಕೂಡಲೇ ಮ್ಯಾಕ್ ಹಳೆಯ 9600ಕ್ಕೆ ಮರಳುತ್ತದೆ. ಲಿನಕ್ಸ್‌ನಲ್ಲಿ ಇಟ್ಟದ್ದು ಸಾಮಾನ್ಯವಾಗಿ ವೈರ್ ಕೀಳುವ ತನಕ ಉಳಿಯುತ್ತದೆ, ಇಲ್ಲಿ ಇಲ್ಲ. ಹಾಗಾಗಿ ಪೋರ್ಟನ್ನು ತೆರೆದಿಟ್ಟುಕೊಂಡೇ ವೇಗ ಇಡಬೇಕು. ಸುಲಭದ ದಾರಿ ಸ್ಕ್ರೀನ್ ಕಮಾಂಡ್. ಪೋರ್ಟಿನ ಹೆಸರು, ಅದರ ಮುಂದೆ 4800. ಹೊರಗೆ ಬರಲು ಕಂಟ್ರೋಲ್ ಎ ಒತ್ತಿ, ಆಮೇಲೆ ಕೆ. ಕಿಟಕಿಯನ್ನು ಸುಮ್ನೆ ಮುಚ್ಚಿದರೆ ಸ್ಕ್ರೀನ್ ಒಳಗೇ ಕೂತು ಪೋರ್ಟನ್ನು ಹಿಡಿದುಕೊಂಡಿರಬಹುದು.

ಫ್ರೀಬಿಎಸ್‌ಡಿ?

ಕೇಳುವವರು ಕಡಿಮೆ, ಆದರೆ ಉತ್ತರ ಚೆನ್ನಾಗಿದೆ. ಅಲ್ಲಿ ಪೋರ್ಟಿನ ಹೆಸರು ಸಿಯುಎ ಯು 0. ಅದರ ಪಕ್ಕದಲ್ಲೇ ಕೊನೆಗೆ 'ಡಾಟ್ ಇನಿಟ್' ಇರುವ ಇನ್ನೊಂದು ಕಡತ ಇರುತ್ತದೆ. ಎಸ್‌ಟಿಟಿವೈಯನ್ನು ಆ ಕಡತದ ಮೇಲೆ ಓಡಿಸಿದರೆ, ಮುಂದೆ ಪೋರ್ಟ್ ತೆರೆದಾಗಲೆಲ್ಲ ಆ ವೇಗದಿಂದಲೇ ಶುರು. ಎಲ್ಲ ಸಿಸ್ಟಂಗಳಲ್ಲೂ ಹೀಗಿದ್ದಿದ್ದರೆ ಈ ಪುಟ ಅರ್ಧ ಆಗುತ್ತಿತ್ತು.

ಆ್ಯಂಡ್ರಾಯ್ಡ್ ಫೋನಿನಲ್ಲಿ?

ಸಿಸ್ಟಂ ಸೆಟ್ಟಿಂಗ್‌ನಲ್ಲಿ ಹುಡುಕಬೇಡಿ. ಒಟಿಜಿ ವೈರ್ ಹಾಕಿ, ಬಾಡ್ ರೇಟನ್ನು ಆ್ಯಪ್‌ನೊಳಗೇ ಕೊಡಬೇಕು. ಅದಕ್ಕಿಂತ ವೈಫೈ ಗೇಟ್‌ವೇ ಇಟ್ಟು ಸಾಲುಗಳನ್ನು ನೆಟ್‌ವರ್ಕಿನಲ್ಲಿ ಹರಿಸುವುದು ಸಲೀಸು. ಎನ್‌ಎಂಇಎ 0183ಗೆ ನೋಂದಾಯಿಸಿದ ಪೋರ್ಟ್ ನಂಬರ್ 10110. ಸೀರಿಯಲ್ ವೇಗದ ಚಿಂತೆ ಆಗ ಗೇಟ್‌ವೇ ಒಳಗೆ ಮಾತ್ರ.

ಪರದೆಯಲ್ಲಿ ಕಸ ಬರುತ್ತಿದೆ. ವೇಗ ತಪ್ಪೋ, ವೈರ್ ತಪ್ಪೋ?

ಒಳ್ಳೆಯ ಪ್ರಶ್ನೆ. 4800, 9600, 38400, 115200, ಈ ನಾಲ್ಕನ್ನೂ ಒಂದೊಂದಾಗಿ ಪ್ರಯತ್ನಿಸಿ. ಯಾವುದಾದರೂ ಒಂದರಲ್ಲಿ ಡಾಲರ್ ಚಿಹ್ನೆ ಅಥವಾ ಆಶ್ಚರ್ಯಸೂಚಕದಿಂದ ಶುರುವಾಗಿ ನಕ್ಷತ್ರ ಮತ್ತು ಎರಡು ಅಕ್ಷರದಲ್ಲಿ ಮುಗಿಯುವ ಸಾಲು ಕಂಡರೆ ವೇಗದ್ದೇ ತೊಂದರೆ ಇತ್ತು, ಮುಗಿಯಿತು. ಡಾಲರ್‌ನದು ಮಾಮೂಲಿ ಸಾಲು, ಆಶ್ಚರ್ಯಸೂಚಕದ್ದು ಎಐಎಸ್.

ನಾಲ್ಕರಲ್ಲೂ ಕಸವೇ ಬಂದರೆ ಸಿಗ್ನಲ್ ತಲೆಕೆಳಗಾಗಿದೆ ಅಂತ ಅನುಮಾನಿಸಿ. ಇದಕ್ಕೆ ಎರಡು ಕಾರಣ ಇರಬಹುದು. ಒಂದು, ಟಿಟಿಎಲ್ (ಚಿಪ್‌ನ ಕಡಿಮೆ ವೋಲ್ಟಿನ) ಮಾಡ್ಯೂಲನ್ನು ಆರ್‌ಎಸ್ 232 ಕನ್ವರ್ಟರಿಗೆ ಕೊಟ್ಟಿರುವುದು. ಬಿಟ್ 1 ಮತ್ತು ಬಿಟ್ 0ರ ವೋಲ್ಟೇಜ್ ಇವೆರಡರಲ್ಲಿ ಒಂದಕ್ಕೊಂದು ಉಲ್ಟಾ ಇರುತ್ತದೆ. ಇನ್ನೊಂದು, ಜೋಡಿ ವೈರಿನಲ್ಲಿ ಸಿಗ್ನಲ್ ಕಳಿಸುವ ಆರ್‌ಎಸ್ 422ರ ಎ ಮತ್ತು ಬಿ ವೈರ್ ಅದಲು ಬದಲಾಗಿರುವುದು. ಆರ್‌ಎಸ್ 422 ಮತ್ತು 485 ಕನ್ವರ್ಟರ್‌ಗಳಲ್ಲಿ ಎ ಯಾವುದು ಬಿ ಯಾವುದು ಅನ್ನುವುದರಲ್ಲಿ ತಯಾರಕರಲ್ಲೇ ಒಮ್ಮತ ಇಲ್ಲ. ಪೆಟ್ಟಿಗೆಯ ಮೇಲಿನ ಅಕ್ಷರ ನಂಬದೆ ಎರಡು ವೈರ್ ಬದಲಾಯಿಸಿ ನೋಡಿ. ಇದರಿಂದ ಏನೂ ಸುಡುವುದಿಲ್ಲ.

ಸುಡುವುದು ಬೇರೆ ಕಡೆ. ಆರ್‌ಎಸ್ 422 ಕೊಡುವ ಉಪಕರಣವನ್ನು ಆರ್‌ಎಸ್ 232 ಕನ್ವರ್ಟರಿಗೆ ಕೊಡುವಾಗ, ಉಳಿದ ಬಿ ವೈರನ್ನು 'ಎಲ್ಲಾದರೂ ಸೇರಿಸಬೇಕಲ್ಲ' ಅಂತ ಗ್ರೌಂಡಿಗೆ ಸೇರಿಸುತ್ತಾರೆ. ಬೇಡ. ಎ ವೈರ್ ಒಂಬತ್ತು ಪಿನ್ನಿನ ಕನೆಕ್ಟರ್‌ನ 2ನೇ ಪಿನ್ನಿಗೆ, ಉಪಕರಣದ ಗ್ರೌಂಡ್ 5ನೇ ಪಿನ್ನಿಗೆ. ಬಿ ವೈರಿಗೆ ಟೇಪ್ ಸುತ್ತಿ ಬಿಡಿ.

ಒಂದಕ್ಷರವೂ ಬರದಿದ್ದರೆ ವೇಗದ ಕಡೆ ನೋಡಲೇಬೇಡಿ. ತಪ್ಪು ವೇಗದಲ್ಲೂ ಏನಾದರೂ ಒಂದು ಬಂದೇ ಬರುತ್ತದೆ. ವೈರ್, ಕರೆಂಟ್, ಪೋರ್ಟ್ ನಂಬರ್ ನೋಡಿ.

ಸಾಲುಗಳು ಸರಿ ಇವೆ. ಆದರೆ ನಡುನಡುವೆ ತುಂಡಾಗುತ್ತವೆ, ಚೆಕ್‌ಸಮ್ ತಪ್ಪುತ್ತದೆ.

ಇಲ್ಲಿ ಮೇಲಿನ 480 ಅಕ್ಷರದ ಲೆಕ್ಕ ಬರುತ್ತದೆ. ಹಿಂದಿನ ಸಾಮಾನ್ಯ ಚಿಪ್‌ಗಳು ಬರೀ ಜಿಪಿಎಸ್ ಉಪಗ್ರಹ ನೋಡುತ್ತಿದ್ದವು. ಈಗಿನ ಚಿಪ್‌ಗಳು ಗ್ಲೋನಾಸ್, ಗೆಲಿಲಿಯೋ, ಬೈಡೂ ಎಲ್ಲ ನೋಡುತ್ತವೆ, ಕೆಲವು ನಮ್ಮ ನಾವಿಕ್ ಅನ್ನೂ. ಕಾಣುವ ಉಪಗ್ರಹಗಳ ಪಟ್ಟಿ ಕೊಡುವ ಜಿಎಸ್‌ವಿ ಸಾಲಿನಲ್ಲಿ ನಾಲ್ಕೇ ಉಪಗ್ರಹಕ್ಕೆ ಜಾಗ. ನಲವತ್ತು ಉಪಗ್ರಹ ಕಂಡರೆ ಹತ್ತು ಸಾಲು. ಸಾಲಿಗೆ ಎಪ್ಪತ್ತರ ಹತ್ತಿರ ಅಕ್ಷರ ಅಂದುಕೊಳ್ಳಿ. ಏಳುನೂರು ಆಯಿತು. ಸೆಕೆಂಡಿಗೆ 480ರ ಕೊಳವೆಯಲ್ಲಿ ಇದು ಹೋಗುವುದಿಲ್ಲ. ಹೊಸ ಮಾಡ್ಯೂಲನ್ನು ಹಳೆಯ ಪ್ಲಾಟರಿಗಾಗಿ 4800ಕ್ಕೆ ಇಳಿಸಿದವರಿಗೆ ಇದು ಗ್ಯಾರಂಟಿ ಕಾಡುತ್ತದೆ. ಜಿಎಸ್‌ವಿ ಸಾಲನ್ನು ನಿಲ್ಲಿಸಿ, ಅಥವಾ ಐದು ಸೆಕೆಂಡಿಗೊಮ್ಮೆ ಬರುವಂತೆ ಮಾಡಿ. ದೋಣಿ ನಡೆಸಲು ಜಾಗ, ವೇಗ, ದಿಕ್ಕು ಕೊಡುವ ಆರ್‌ಎಂಸಿ ಸಾಲು ಮತ್ತು ಜಾಗ, ಎತ್ತರ ಕೊಡುವ ಜಿಜಿಎ ಸಾಲು ಇದ್ದರೆ ಸಾಕು.

ಎರಡು ಉಪಕರಣದ ಔಟ್‌ಪುಟ್ ಒಂದೇ ವೈರಿಗೆ ಸೇರಿದರೂ ಹೀಗೇ ಆಗುತ್ತದೆ. ಎನ್‌ಎಂಇಎ 0183ರಲ್ಲಿ ಒಂದು ವೈರಿನಲ್ಲಿ ಮಾತಾಡುವವರು ಒಬ್ಬರೇ. ಕೇಳುವವರು ಎಷ್ಟಾದರೂ ಇರಲಿ.

ಸಾಲು ಜಿಪಿ ಬದಲು ಜಿಎನ್ ಅಂತ ಶುರುವಾಗುತ್ತಿದೆ. ಪ್ಲಾಟರ್ ಒಪ್ಪುತ್ತಿಲ್ಲ. ವೇಗ ತಪ್ಪಾ?

ಅಕ್ಷರ ಸ್ಪಷ್ಟವಾಗಿ ಕಂಡ ಮೇಲೆ ವೇಗ ತಪ್ಪಿರಲು ಸಾಧ್ಯವಿಲ್ಲ. ಜಿಪಿ ಅಂದರೆ ಬರೀ ಜಿಪಿಎಸ್, ಜಿಎನ್ ಅಂದರೆ ಒಂದಕ್ಕಿಂತ ಜಾಸ್ತಿ ವ್ಯವಸ್ಥೆಯ ಉಪಗ್ರಹ ಸೇರಿಸಿ ಲೆಕ್ಕ ಮಾಡಿದ್ದು. ನಾವಿಕ್‌ನದು ಜಿಐ. ಹಳೆಯ ಪ್ಲಾಟರ್‌ಗಳಿಗೆ ಜಿಪಿ ಬಿಟ್ಟು ಬೇರೇನೂ ಗೊತ್ತಿಲ್ಲ. ಮಾಡ್ಯೂಲಿನಲ್ಲೇ ಜಿಪಿ ಎಂದು ಕಳಿಸುವಂತೆ ಮಾಡಬಹುದಾ ನೋಡಿ.

ಉಪಕರಣದ ವೇಗವನ್ನೇ ಬದಲಾಯಿಸಬಹುದಾ?

ಬಹಳಷ್ಟು ಜಿಪಿಎಸ್‌ಗಳಲ್ಲಿ ಆಗುತ್ತದೆ. ಸಿರ್ಫ್ ಚಿಪ್‌ಗೆ ಪಿಎಸ್‌ಆರ್‌ಎಫ್ 100, ಮೀಡಿಯಾಟೆಕ್‌ಗೆ ಪಿಎಂಟಿಕೆ 251, ಯೂಬ್ಲಾಕ್ಸ್‌ಗೆ ಪಿಯುಬಿಎಕ್ಸ್ 41 ಅನ್ನುವ ಸಾಲು ಕಳಿಸಬೇಕು, ಕೊನೆಗೆ ಸರಿಯಾದ ಚೆಕ್‌ಸಮ್ ಹಾಕಿ. ಸಾಲನ್ನು ಈಗಿನ ವೇಗದಲ್ಲಿ ಕಳಿಸಬೇಕು. ಕಳಿಸಿದ ಮರುಕ್ಷಣ ನಿಮ್ಮ ಪ್ರೋಗ್ರಾಮ್ ಹೊಸ ವೇಗಕ್ಕೆ ಹೋಗಬೇಕು. ಚೆಕ್‌ಸಮ್ ಲೆಕ್ಕ ಸುಲಭ. ಡಾಲರ್ ಮತ್ತು ನಕ್ಷತ್ರದ ನಡುವಿನ ಅಕ್ಷರಗಳನ್ನೆಲ್ಲ ಎಕ್ಸ್‌ಓಆರ್ ಮಾಡಿ ಹೆಕ್ಸ್‌ನಲ್ಲಿ ಬರೆದರೆ ಆಯಿತು.

ಎಚ್ಚರ ಏನೆಂದರೆ, ಅಗ್ಗದ ಮಾಡ್ಯೂಲ್‌ಗಳಲ್ಲಿ ಈ ಬದಲಾವಣೆ ಬ್ಯಾಕಪ್ ಬ್ಯಾಟರಿ ಇರುವ ತನಕ ಮಾತ್ರ. ಮಳೆಗಾಲದ ಮೀನುಗಾರಿಕೆ ನಿಷೇಧದಲ್ಲಿ ದೋಣಿ ಎರಡು ತಿಂಗಳು ದಡದಲ್ಲಿ ನಿಂತರೆ ಬ್ಯಾಟರಿ ಖಾಲಿಯಾಗಿ ಮಾಡ್ಯೂಲ್ ಹಳೆಯ ವೇಗಕ್ಕೆ ಮರಳಬಹುದು. ಆಗಸ್ಟ್‌ನಲ್ಲಿ 'ಏನೂ ಮುಟ್ಟಿಲ್ಲ ಸಾರ್, ತಾನೇ ಕೆಟ್ಟಿದೆ' ಅಂತ ಬರುವ ಫೋನ್‌ಗಳಿಗೆ ಇದು ಒಂದು ಕಾರಣ. ಪ್ರೋಗ್ರಾಮ್ ಪ್ರತಿ ಸಲ ಶುರುವಾದಾಗ ವೇಗ ಪರೀಕ್ಷಿಸುವಂತೆ ಬರೆಯುವುದು ವಾಸಿ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನಲ್ಲಿ ಯಾವ ಕನ್ವರ್ಟರ್ ಕೇಳಲಿ?

'ಯುಎಸ್‌ಬಿ ಟು ಸೀರಿಯಲ್' ಅಂತ ಮಾತ್ರ ಕೇಳಿದರೆ ನೀಲಿ ಬಣ್ಣದ ಆರ್‌ಎಸ್ 232 ವೈರ್ ಕೈಗೆ ಕೊಡುತ್ತಾರೆ. ನಿಮಗೆ ಬೇಕಾದದ್ದು ಆರ್‌ಎಸ್ 422, ಐಸೊಲೇಟೆಡ್, ಅಂತ ಬಿಡಿಸಿ ಹೇಳಿ. ಐಸೊಲೇಷನ್ ಅಂದರೆ ಎರಡು ಕಡೆಯ ಕರೆಂಟಿಗೆ ನೇರ ಸಂಬಂಧ ಇರಬಾರದು. ಮೇಜಿನ ಮೇಲೆ ಇದರ ಅಗತ್ಯ ಗೊತ್ತಾಗುವುದಿಲ್ಲ. ಎಂಜಿನ್ ಸ್ಟಾರ್ಟ್ ಆಗುವ ದೋಣಿಯಲ್ಲಿ ಗೊತ್ತಾಗುತ್ತದೆ.

ಚಿಪ್ ವಿಷಯದಲ್ಲಿ ನಕಲಿಗಳ ಕಾಟ ಇದೆ. 'ಪಿಎಲ್ 2303 ಎಚ್‌ಎಕ್ಸ್‌ಎ 2012ರಿಂದ ನಿಂತಿದೆ, ಮಾರಿದವರನ್ನು ಕೇಳಿ' ಎಂಬ ಅರ್ಥದ ಸಾಲು ಡಿವೈಸ್ ಮ್ಯಾನೇಜರ್‌ನಲ್ಲಿ ಬಂದರೆ ಅದು ಹಳೆಯದು ಅಥವಾ ನಕಲಿ. ಎಫ್‌ಟಿಡಿಐ ಕಂಪನಿ 2014ರಲ್ಲಿ ನಕಲಿ ಚಿಪ್‌ಗಳ ಗುರುತಿನ ನಂಬರನ್ನೇ ಸೊನ್ನೆ ಮಾಡುವ ಡ್ರೈವರ್ ಬಿಟ್ಟಿತ್ತು. 2016ರಲ್ಲಿ ಬಂದ ಡ್ರೈವರ್, ನಿಮ್ಮ ಡೇಟಾದ ಬದಲು 'ಅಸಲಿ ಅಲ್ಲದ ಸಾಧನ' ಅನ್ನುವ ಅರ್ಥದ ಇಂಗ್ಲಿಷ್ ಸಂದೇಶವನ್ನು ಸುರಿಸುತ್ತಿತ್ತು. ಪರದೆಯಲ್ಲಿ ಅಂಥದ್ದು ಕಂಡರೆ ಬಾಡ್ ರೇಟ್ ಹುಡುಕುತ್ತಾ ಕೂರಬೇಡಿ. ನನ್ನ ಮಟ್ಟಿಗೆ, ನಕಲಿ ಎಫ್‌ಟಿಡಿಐಗಿಂತ ಅಸಲಿ ಸಿಎಚ್ 340 ಎಷ್ಟೋ ಮೇಲು.

ಬೆಂಗಳೂರಲ್ಲಿ ಕೂತು ಎಐಎಸ್ ಪರೀಕ್ಷೆ ಮಾಡುವುದು ಹೇಗೆ? ಛಾವಣಿ ಮೇಲೆ ಆಂಟೆನಾ ಹಾಕಿದರೆ ಹಡಗು ಸಿಗುತ್ತಾ?

ಸಿಗುವುದಿಲ್ಲ. ಎಐಎಸ್ ವಿಎಚ್‌ಎಫ್ ರೇಡಿಯೋ, ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟೇ ದೂರ ಹೋಗುತ್ತದೆ. 1478 ಮೀಟರ್ ಎತ್ತರದ ನಂದಿ ಬೆಟ್ಟದ ತುದಿಗೆ ಹತ್ತಿದರೂ ಲೆಕ್ಕದ ಪ್ರಕಾರ ರೇಡಿಯೋ ದಿಗಂತ ಸುಮಾರು 160 ಕಿಲೋಮೀಟರ್. ಪೂರ್ವದ ಕಡಲತೀರ ಅಲ್ಲಿಂದ 250ಕ್ಕೂ ಜಾಸ್ತಿ.

ಹಾಗಾಗಿ ದೋಣಿಯಲ್ಲಿ ಬರೆದಿಟ್ಟುಕೊಂಡ ಲಾಗ್ ಕಡತವನ್ನು ಇಲ್ಲಿ ಮತ್ತೆ ಓಡಿಸುತ್ತಾರೆ. ವಿಂಡೋಸ್‌ನಲ್ಲಿ ಕಾಮ್ 0 ಕಾಮ್, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಸೋಕ್ಯಾಟ್ ಬಳಸಿ ಎರಡು ಸುಳ್ಳು ಪೋರ್ಟ್ ಮಾಡಿ, ಒಂದರಲ್ಲಿ ಸುರಿದು ಇನ್ನೊಂದರಲ್ಲಿ ಓದುತ್ತಾರೆ. ಬಲೆ ಇರುವುದು ಇಲ್ಲೇ. ಈ ಸುಳ್ಳು ಪೋರ್ಟಿನಲ್ಲಿ ಬಾಡ್ ರೇಟಿಗೆ ಅರ್ಥವೇ ಇಲ್ಲ. ಒಂದು ಕಡೆ 4800, ಇನ್ನೊಂದು ಕಡೆ 38400 ಇಟ್ಟರೂ ಸಾಲುಗಳು ಚೆನ್ನಾಗಿಯೇ ಬರುತ್ತವೆ. ನೇರ ಯುಎಸ್‌ಬಿ ಇರುವ ಜಿಪಿಎಸ್‌ಗಳಲ್ಲೂ, ಅಂದರೆ ಲಿನಕ್ಸ್‌ನಲ್ಲಿ ಎಸಿಎಂ ಹೆಸರಿನಲ್ಲಿ ಬರುವ ಯೂಬ್ಲಾಕ್ಸ್ ಥರದವುಗಳಲ್ಲೂ, ಹೀಗೆಯೇ. ನಡುವೆ ನಿಜವಾದ ಸೀರಿಯಲ್ ವೈರೇ ಇಲ್ಲವಲ್ಲ. ಪ್ರೋಗ್ರಾಮಿನಲ್ಲಿ ತಪ್ಪು ವೇಗ ಬರೆದಿದ್ದರೂ ವಾರಗಟ್ಟಲೆ ಇಲ್ಲಿ ಓಡುತ್ತದೆ. ನಿಜವಾದ ವೈರ್ ಸಿಕ್ಕಿದ ದಿನ, ಅಂದರೆ ಮಲ್ಪೆ ಬಂದರಿನಲ್ಲಿ, ನಿಲ್ಲುತ್ತದೆ.

ಕಾಮ್ 0 ಕಾಮ್‌ನಲ್ಲಿ ಬಾಡ್ ರೇಟನ್ನು ನಟಿಸುವ ಆಯ್ಕೆ ಇದೆ. ಆದರೂ ನನ್ನ ಸಲಹೆ ಬೇರೆ. ಎರಡು ನಿಜವಾದ ಕನ್ವರ್ಟರ್ ತನ್ನಿ. ಒಂದರ ಟಿಎಕ್ಸ್ (ಕಳಿಸುವ ಪಿನ್) ಇನ್ನೊಂದರ ಆರ್‌ಎಕ್ಸ್‌ಗೆ (ಪಡೆಯುವ ಪಿನ್), ಗ್ರೌಂಡ್ ಗ್ರೌಂಡಿಗೆ. ಲಾಗನ್ನು ಆ ವೈರಿನ ಮೂಲಕ 38400ರಲ್ಲಿ ಹರಿಸಿ. ಬಸ್ ಹತ್ತುವ ಮುಂಚೆ ಇಷ್ಟು ಮಾಡಿದರೆ ಸಾಕು.

ಜಿಪಿಎಸ್ ಸಾಲು ಸರಿಯಾಗಿದೆಯಾ ಅಂತ ಇಲ್ಲಿ ಹೇಗೆ ತಿಳಿಯುವುದು?

ಬೆಂಗಳೂರಿನಲ್ಲಿ ಅಕ್ಷಾಂಶ 1258 ಅಥವಾ ಅದರ ಹತ್ತಿರ, ರೇಖಾಂಶ 07735ರ ಆಸುಪಾಸು ಬರಬೇಕು. ಇದು 12.58 ಡಿಗ್ರಿ ಅಲ್ಲ, 12 ಡಿಗ್ರಿ 58 ನಿಮಿಷ. ಎಷ್ಟು ಜನ ಇದನ್ನು ದಶಾಂಶ ಅಂತ ಓದಿ ದೋಣಿಯನ್ನು ಬೇರೆ ತಾಲ್ಲೂಕಿಗೆ ಕಳಿಸಿದ್ದಾರೋ. ಸಮಯ ಯುಟಿಸಿ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಜಿಜಿಎಯಲ್ಲಿ ಎತ್ತರ ಸುಮಾರು 900 ಮೀಟರ್. ಆರ್‌ಎಂಸಿಯಲ್ಲಿ ವೇಗ ನಾಟ್ ಲೆಕ್ಕದಲ್ಲಿ, ಒಂದು ನಾಟ್ ಅಂದರೆ ಗಂಟೆಗೆ 1.852 ಕಿ.ಮೀ. ಚಲಿಸುವಾಗ ನೋಡಬೇಕೆಂದರೆ ಲ್ಯಾಪ್‌ಟಾಪ್ ಹಿಡಿದು ಬೆಳಗ್ಗೆ ಆರಕ್ಕೆ ಹೊರಡಿ. ಸಂಜೆ ವಾಹನಗಳು ಕದಲದ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಪರೀಕ್ಷಿಸಿದರೆ ಸೊನ್ನೆ ಬರುವುದು ಸಾಫ್ಟ್‌ವೇರ್ ತಪ್ಪಲ್ಲ.

ಪ್ಲಾಟರ್ 4800, ಎಐಎಸ್ 38400. ಲ್ಯಾಪ್‌ಟಾಪಿಗೆ ಪೋರ್ಟ್ ಒಂದೇ. ಏನು ಮಾಡಲಿ?

ಒಂದು ಪೋರ್ಟ್, ಒಂದು ವೇಗ. ಎರಡು ಕನ್ವರ್ಟರ್ ಹಾಕಿ, ಅಥವಾ ಹಲವು ಉಪಕರಣಗಳ ಸಾಲುಗಳನ್ನು ಒಂದಾಗಿಸುವ ಮಲ್ಟಿಪ್ಲೆಕ್ಸರ್ ಕೊಳ್ಳಿ. ಮಲ್ಟಿಪ್ಲೆಕ್ಸರ್‌ನಲ್ಲಿ ಪ್ರತಿ ಇನ್‌ಪುಟ್‌ಗೂ ಬೇರೆ ವೇಗ ಇಡಬಹುದು. ಔಟ್‌ಪುಟ್ ವೇಗ ಇನ್‌ಪುಟ್‌ಗಳ ಒಟ್ಟು ಭಾರ ಹೊರುವಂತಿರಲಿ. ಕೆಲವು ಎಐಎಸ್ ಪೆಟ್ಟಿಗೆಗಳೇ 4800ರ ಜಿಪಿಎಸ್ ಸಾಲನ್ನು ಒಳಗೆ ತೆಗೆದುಕೊಂಡು ತಮ್ಮ 38400ರ ಜೊತೆ ಸೇರಿಸಿ ಕೊಡುತ್ತವೆ. ಮೊದಲು ಕೈಪಿಡಿ ನೋಡಿ, ಹಣ ಉಳಿಯಬಹುದು.

ಎನ್‌ಎಂಇಎ 2000ಕ್ಕೆ ಬಾಡ್ ರೇಟ್ ಎಷ್ಟು?

ಅದು ಸೀರಿಯಲ್ ಪೋರ್ಟೇ ಅಲ್ಲ. ಕಾರಿನಲ್ಲಿರುವಂಥ ಕ್ಯಾನ್ ಬಸ್, ವೇಗ ಸೆಕೆಂಡಿಗೆ 250 ಕಿಲೋಬಿಟ್, ಬದಲಾಗುವುದಿಲ್ಲ. ಕಂಪ್ಯೂಟರ್ ಮತ್ತು ಗೇಟ್‌ವೇ ನಡುವಿನ ವೇಗ ಮಾತ್ರ ನೀವು ಇಡುವುದು.

ರೇಮರೀನ್ ಕಂಪನಿಯ ಹಳೆಯ ಉಪಕರಣ ಜಾಲ ಸೀಟಾಕ್? ಅದೂ 4800 ಅಂತಾರಲ್ಲ.

ಹೌದು 4800, ಆದರೆ ಅದು ಒಂಬತ್ತನೇ ಬಿಟ್ ಬಳಸುತ್ತದೆ. ಮೇಲಿನ ಯಾವ ಸೆಟ್ಟಿಂಗಿನಲ್ಲೂ ಸರಿಯಾಗಿ ಓದಲು ಬರುವುದಿಲ್ಲ. ಪ್ಯಾರಿಟಿ ಬಿಟ್ಟನ್ನು ಒಂಬತ್ತನೆಯದಾಗಿ ಬಳಸುವ ಉಪಾಯ ಇದೆ. ಮಾಡಿ ನೋಡುವ ಉತ್ಸಾಹ ಇದ್ದವರು ಮಾಡಲಿ. ದೋಣಿ ನಾಳೆ ಹೊರಡಬೇಕು ಅನ್ನುವವರು ಸೀಟಾಕ್‌ನಿಂದ ಎನ್‌ಎಂಇಎಗೆ ಬದಲಾಯಿಸುವ ಪೆಟ್ಟಿಗೆ ತಂದು, ಅದರ ಔಟ್‌ಪುಟ್ ವೇಗ ಎಷ್ಟು ಅಂತ ವೈರಿನ ಮೇಲೆ ಟೇಪ್ ಹಚ್ಚಿ ಬರೆದಿಡಿ.